ಸೂಜಿಯ ಫಲಿತಾಂಶ

ನಾನು ಕಲಿಸುತ್ತಿದ್ದ ಶಾಲೆಯ ಗೇಟಿನ ಪಕ್ಕದ ಗೋಡೆಯಲ್ಲಿ ಒಂದು ಕರಿಹಲಗೆ ಇತ್ತು. ಅದರ ನೆತ್ತಿಯ ಮೇಲೆ ಹಳೆಯ ವಿದ್ಯಾರ್ಥಿಗಳ ಯಾವುದೋ ತಂಡ ಬಿಳಿ ಆಯಿಲ್ ಪೇಂಟಿನಲ್ಲಿ ‘ಫಲಿತಾಂಶ’ ಎಂದು ಬರೆಸಿ ಹೋಗಿತ್ತು. ಹತ್ತನೆಯ ಇಯತ್ತೆಯ ಫಲಿತಾಂಶ ಬರುವುದು ವರ್ಷಕ್ಕೊಮ್ಮೆ. ಆಯಿಲ್ ಪೇಂಟು ಇರುವುದು ವರ್ಷವಿಡೀ. ಹೀಗಾಗಿ ಉಳಿದ ದಿನಗಳಲ್ಲಿ ಅದರ ಕೆಳಗೆ ಸೀಮೆಸುಣ್ಣದಲ್ಲಿ ಏನು ಬರೆದರೂ ಅದು ಫಲಿತಾಂಶವೇ ಆಗುತ್ತಿತ್ತು. ಫಲಿತಾಂಶ: ಕೈ ಕೆಸರಾದರೆ ಬಾಯಿ ಮೊಸರು. ಫಲಿತಾಂಶ: ನಾಳೆ ನಳ ಬರುವುದಿಲ್ಲ, ಮಕ್ಕಳು ನೀರು ತರಬೇಕು. ಫಲಿತಾಂಶ: ಕರಿ ಛತ್ರಿಯೊಂದು ಸಿಕ್ಕಿದೆ.

ಅದನ್ನು ಬರೆಯುವ ಕೆಲಸ ನನ್ನದು. ನಾನು ಅತಿಥಿ ಶಿಕ್ಷಕ. ಮನೆಗೆ ಬಂದ ಅತಿಥಿಯನ್ನು ಕೂಡ್ರಿಸಿ ಚಹಾ ಕೊಡುತ್ತಾರೆ. ಶಾಲೆಗೆ ಬಂದ ಅತಿಥಿಗೆ ಉಳಿದವರೆಲ್ಲರ ಕೆಲಸ ಕೊಡುತ್ತಾರೆ. ಕನ್ನಡ ಕಲಿಸುವುದು, ಚಿತ್ರ ಬರೆಸುವುದು, ಬೋರ್ಡು ಬರೆಯುವುದು, ಆರನೆಯ ಇಯತ್ತೆಯನ್ನು ಕ್ಲಾಸ್ ಟೀಚರ್ ಎಂಬ ಹೆಸರಿನಲ್ಲಿ ಕಾಯುವುದು, ಎಲ್ಲವೂ ನನ್ನ ಪಾಲಿಗಿತ್ತು.

ನನ್ನ ನಿಜವಾದ ವಿದ್ಯೆ ಬೇರೆಯದು. ಯಾರ ಧ್ವನಿಯನ್ನಾದರೂ ಎರಡು ದಿನ ಕೇಳಿದರೆ ಮೂರನೆಯ ದಿನ ಅದು ನನ್ನ ಗಂಟಲಲ್ಲಿ ಬಂದು ಕೂಡುತ್ತಿತ್ತು. ನಮ್ಮ ಹೆಡ್‌ಮಾಸ್ತರರು ಪ್ರತಿ ಮಾತಿನ ಕೊನೆಗೆ ‘ಏನಂತೀರಿ?’ ಎನ್ನುತ್ತಿದ್ದರು, ಎದುರಿಗೆ ಬೀರು ಒಂದೇ ಇದ್ದರೂ ಅನ್ನುತ್ತಿದ್ದರು. ಶಾಲೆಗೆ ಸೂಜಿ ಹಾಕಲು ಬರುವ ಆರೋಗ್ಯ ಕೇಂದ್ರದ ಸಿಸ್ಟರ್, ಮಕ್ಕಳ ಮೇಲೆ ಬಾಗಿ ‘ಕೈ ಸಡಲ ಬಿಡು, ಕೈ ಸಡಲ ಬಿಡು’ ಎಂದು ಜೋಗುಳದ ಧಾಟಿಯಲ್ಲಿ ಹೇಳಿ, ಜೋಗುಳ ಮುಗಿಯುವ ಮೊದಲೇ ಚುಚ್ಚಿಬಿಡುತ್ತಿದ್ದರು. ಇಬ್ಬರನ್ನೂ ನಾನು ಸ್ಟಾಫ್ ರೂಮಿನಲ್ಲಿ ದಿನಾ ಆಡಿ ತೋರಿಸುತ್ತಿದ್ದೆ. ನನ್ನ ಧ್ವನಿಯನ್ನೂ ತೆಗೆಯುತ್ತಿದ್ದೆ. ಅದು ಮಾತ್ರ ಹೋಲುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು.

ಜೂನ್ ತಿಂಗಳ ಒಂದು ಮುಂಜಾನೆ ತಾರಿಹಾಳದ ಕಡೆಯಿಂದ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಆರನೆಯ ಇಯತ್ತೆಗೆ ಹೆಸರು ಹಚ್ಚಲು ಬಂದರು. ಹೆಡ್‌ಮಾಸ್ತರರ ಟೇಬಲ್ಲಿನ ತುದಿಯಲ್ಲಿ ನಾನು ಅರ್ಜಿ ತುಂಬುತ್ತ ಕೂತಿದ್ದೆ.

“ಬರ್ರಿ ಅವ್ವಾರ, ಕೂಡ್ರಿ. ಗೇಟಿನ್ಯಾಗ ನಮ್ಮ ರಿಜಲ್ಟ್ ನೋಡೇ ಬಂದಿರಬೇಕು ನೀವು. ಏನಂತೀರಿ?”

“ನೋಡಿದ್ನಿರಿ. ಛತ್ರಿ ಸಿಕ್ಕೈತಿ ಅಂತ ಬರದೀರಿ.”

ನಾನು ನಕ್ಕೆ. ಆಕೆ ನಗಲಿಲ್ಲ. ಮಗಳ ಕಡೆ ತಿರುಗಿ, “ಹೋಗವಾ, ಸಾಲಿ ಹೆಂಗೈತಿ ನೋಡಿ ಬಾ,” ಎಂದು ಹೊರಗೆ ಕಳಿಸಿದರು. ಹುಡುಗಿ ಶಾಲೆಯ ಜವಾನ ಸಿಪಾಯಿ ಕಾಕಾ ಹೊಡೆಯುವ ಗಂಟೆಯ ಹತ್ತಿರ ಹೋಗಿ ನಿಂತಳು. ತಾಯಿ ಕೇಳಿದರು:

“ನನಗ ರಿಜಲ್ಟ್ ಬ್ಯಾಡ್ರಿ ಸರ. ನಿಮ್ಮ ಸಾಲ್ಯಾಗ ಎಷ್ಟು ಹುಡುಗ್ರಿಗೆ ಗೊಬ್ಬರದ ಸೂಜಿ ಆಗ್ಯಾವು, ಅದನ್ನ ಹೇಳ್ರಿ.”

ದಡಾರಕ್ಕೆ ನಮ್ಮ ಕಡೆ ಗೊಬ್ಬರ ಎನ್ನುತ್ತಾರೆ. ಹೊಲಕ್ಕೆ ಹಾಕುವುದಕ್ಕೂ ಅದೇ ಹೆಸರು. ಹೊರಗಿನಿಂದ ಬಂದವರು ಗಾಬರಿಯಾಗುತ್ತಾರೆ, ನಾವು ಆಗುವುದಿಲ್ಲ. ಹೆಡ್‌ಮಾಸ್ತರರು ಗಾಬರಿಯಾದದ್ದು ಪ್ರಶ್ನೆಗೆ. ಅಷ್ಟು ವರ್ಷಗಳ ನೌಕರಿಯಲ್ಲಿ ಅದನ್ನು ಯಾರೂ ಅವರಿಗೆ ಕೇಳಿರಲಿಲ್ಲ.

“ಎಲ್ಲಾರಿಗೂ ಆಗಿರ್ತಾವಲ್ರಿ.”

“ಆಗಿರ್ತಾವು ಅನ್ನೂದು ಬ್ಯಾರೆ, ಆಗ್ಯಾವು ಅನ್ನೂದು ಬ್ಯಾರೆ. ನಾ ಫ್ಯಾಕ್ಟರ್ಯಾಗ ಮಾಲು ಚೆಕ್ ಮಾಡೋ ಕೆಲಸದಾಗ ಅದೇನಿ. ‘ಛಲೋನ ಇರ್ತಾವು’ ಅಂತ ಬರದ್ರ ನನ್ನ ಮನಿಗೆ ಕಳಸ್ತಾರ.”

ಆಮೇಲೆ ವಿಷಯ ಹೇಳಿದರು. ಹುಡುಗಿಗೆ ಸಣ್ಣಂದಿನಿಂದ ಕಿಡ್ನಿಯ ತೊಂದರೆ. ಸತ್ತೂರಿನ ಆಸ್ಪತ್ರೆಯಲ್ಲಿ ಔಷಧ ನಡೆದಿತ್ತು. ಆ ಗುಳಿಗೆಗಳು ನಡೆದಿರುವತನಕ ದಡಾರದ ಸೂಜಿ ಅವಳಿಗೆ ಹಾಕುವ ಹಾಗಿಲ್ಲ. ದಡಾರ ಬಂದರೆ ಮಾತ್ರ ಉಳಿದ ಮಕ್ಕಳಿಗಿಂತ ಅವಳಿಗೇ ಹೆಚ್ಚು ಅಪಾಯ. ಸುತ್ತಲಿನವರಿಗೆಲ್ಲ ಸೂಜಿ ಆಗಿದ್ದರೆ ಅದೇ ಅವಳಿಗೆ ಬೇಲಿ ಎಂದು ಡಾಕ್ಟರರು ಹೇಳಿದ್ದರಂತೆ.

“ಹಿಂದಿನ ಸಾಲ್ಯಾಗ ಇದನ್ನೆಲ್ಲಾ ಹೇಳಿದ್ನಿರಿ. ಟೀಚರ್ ಪಾಪ ಒಳ್ಳೇದಕ್ಕ ಅಂತ ಕ್ಲಾಸಿನ್ಯಾಗ ಹೇಳಿದ್ರು. ಮರುದಿನದಿಂದ ಅಕಿ ಬೆಂಚಿನ್ಯಾಗ ಅಕಿ ಒಬ್ಬಾಕೀನ. ಡಬ್ಬಿನೂ ಯಾರೂ ಹಂಚ್ಕೊಳ್ಳಲಿಲ್ಲ. ಜಡ್ಡು ಅಂಟೂದಲ್ರಿ, ಮಾತು ಅಂಟ್ತಾವು.”

“ಹಂಗಾದ್ರ ನಾವು ಏನು ಮಾಡಬೇಕಂತೀರಿ?” ಹೆಡ್‌ಮಾಸ್ತರರು ಈ ಸಲ ನಿಜವಾಗಿಯೇ ಕೇಳಿದರು.

“ಎರಡ ಮಾತ್ರಿ. ಉಳದವ್ರಿಗೆ ಆಗೇತೋ ಇಲ್ಲೋ ನನಗ ಖರೇ ಗೊತ್ತಾಗಬೇಕು. ಅಕಿಗೆ ಆಗಿಲ್ಲ ಅನ್ನೂದು ಈ ಖೋಲಿ ದಾಟಬಾರದು.”

ಖೋಲಿಯಲ್ಲಿ ಇದ್ದವರು ಮೂವರು. ಅವರಲ್ಲಿ ಒಬ್ಬ ಊರವರ ಧ್ವನಿಯನ್ನೆಲ್ಲ ಊರಿಗೆ ಹಂಚುವವನು. ಆಕೆ ನನ್ನ ಕಡೆ ಸ್ವಲ್ಪ ಹೊತ್ತು ನೋಡಿದರು. ನಾನು ಅರ್ಜಿಯಲ್ಲಿ ತಲೆ ಹುದುಗಿಸಿದೆ.

ಹೆಡ್‌ಮಾಸ್ತರರಿಗೆ ಆ ಪ್ರಶ್ನೆ ಹಿಡಿದುಕೊಂಡಿತು. ಹುಟ್ಟಿದಂದಿನಿಂದ ಹಾಕಿಸಿದ ಸೂಜಿಗಳನ್ನು ಬರೆದಿಡುವ ತಾಯಿ ಕಾರ್ಡನ್ನು ಎಲ್ಲ ಮಕ್ಕಳೂ ತರಬೇಕು ಎಂದು ಪ್ರಾರ್ಥನೆಯಲ್ಲಿ ಹೇಳಿದರು. ಕಾರ್ಡುಗಳು ಬಂದವು. ಕೆಲವು ಹಿಟ್ಟಿನ ಡಬ್ಬಿಯ ತಳದಿಂದ ಬಂದಿದ್ದವು, ಅರಿಷಿಣ ಬಳಿದುಕೊಂಡಿದ್ದವು. ಒಬ್ಬ ಗ್ಯಾಸಿನ ಕಾರ್ಡು ತಂದ. ಇನ್ನೊಬ್ಬ ಜಾತಕ ತಂದ; ಅದರಲ್ಲಿ ಸೂಜಿಯ ಬಗ್ಗೆ ಏನೂ ಇರಲಿಲ್ಲ, ನೀರಿನ ಕಂಟಕ ಇತ್ತು. ನೋಡಿ ಕೂಡಿಸಿದಾಗ ‘ಆಗಿರ್ತಾವು’ ಮತ್ತು ‘ಆಗ್ಯಾವು’ ನಡುವೆ ತಾಯಿ ಹೇಳಿದಷ್ಟೇ ಅಂತರವಿತ್ತು.

“ಮುಚ್ಚಿಡೂದು ಏನೈತಿ ತಮ್ಮಾ, ಗೇಟಿನ ಬೋರ್ಡಿಗೇ ಬರಿ. ಒಂದೊಂದು ಇಯತ್ತೆದ್ದು ಬ್ಯಾರೆ ಬ್ಯಾರೆ ಬರಿ. ನೋಡಿದವರು ನಾಚಿ ಹಾಕಿಸ್ತಾರ. ಏನಂತೀರಿ?”

ಬರೆದೆ. ಜಾಗ ಕಡಿಮೆ ಇದ್ದುದರಿಂದ ‘ದಡಾರ ಲಸಿಕೆ’ ಎಂಬುದನ್ನು ಸಣ್ಣ ಅಕ್ಷರದಲ್ಲಿ ಬರೆದು, ಪ್ರತಿ ಇಯತ್ತೆಯ ಶೇಕಡಾವಾರು ದೊಡ್ಡದಾಗಿ ಬರೆದೆ. ಮೇಲೆ ಆಯಿಲ್ ಪೇಂಟು ತನ್ನ ಕೆಲಸ ತಾನು ಮಾಡಿತು.

ಮೊದಲು ಬಂದವರು ದುರ್ಗದಬೈಲಿನ ಬಟ್ಟೆ ಅಂಗಡಿಯ ಸಾವ್ಕಾರರು. ಅವರ ದೊಡ್ಡ ಮಗ ನನ್ನ ಇಯತ್ತೆಯಲ್ಲಿದ್ದ, ಸಣ್ಣವನು ಐದನೆಯದರಲ್ಲಿ. ಸ್ಕೂಟರನ್ನು ಗೇಟಿಗೆ ಅಡ್ಡ ನಿಲ್ಲಿಸಿ ಕೇಳಿದರು:

“ಸರ, ಪರೀಕ್ಷಾನ ಆಗಿಲ್ಲ, ಆರನೇತ್ತಾ ಇಷ್ಟು ಕೆಳಗ ಹೆಂಗ ಬಿತ್ರಿ?”

“ಅದು ಪರೀಕ್ಷಾದ್ದಲ್ರಿ ಸಾವ್ಕಾರ್ರ. ಸೂಜೀದು.”

“ಯಾವುದರದರ ಇರ್ಲಿ. ಐದನೇತ್ತಕ್ಕಿಂತ ಕಡಿಮಿ ಐತೋ ಇಲ್ಲೋ?”

“ಐತ್ರಿ.”

“ಮತ್ತ? ಸಣ್ಣಾಂವ ಇವತ್ತ ಮನ್ಯಾಗ ದೊಡ್ಡಾಂವನ್ನ ಊಟ ಮಾಡಾಕ ಬಿಡಂಗಿಲ್ಲ.”

ಮರುದಿನವೇ ದೊಡ್ಡವನಿಗೆ ಸೂಜಿ ಆಯಿತು. ಹುಬ್ಬಳ್ಳಿಯವರು ವ್ಯಾಪಾರದ ನಷ್ಟ ತಡೆದುಕೊಂಡಾರು, ಧಾರವಾಡದವರು ವಾರವಿಡೀ ಜಿಟಿಜಿಟಿ ಮಳೆ ತಡೆದುಕೊಂಡಾರು. ಶೇಕಡಾವಾರು ಇಳಿದರೆ ಇಬ್ಬರೂ ತಡೆಯಲಾರರು. ಕರಪತ್ರಕ್ಕೆ, ಆಟೋದ ಮೈಕಿಗೆ ಬಗ್ಗದವರು ‘ಫಲಿತಾಂಶ’ಕ್ಕೆ ಬಗ್ಗಿದರು. ಜ್ವರ ಬರುತ್ತದೆಂದು ಮೊಮ್ಮಗನಿಗೆ ಸೂಜಿ ಬೇಡವೆಂದಿದ್ದ ಅಜ್ಜಿಯೊಬ್ಬರು ತಾವೇ ಅವನ ರಟ್ಟೆ ಹಿಡಿದು ಎಳೆದು ತಂದರು.

“ಜ್ವರ ಬರ್ತಾವು ಅಂತ ಎಲ್ಲಾರೂ ಹೇಳಿದ್ರಿ. ಫೇಲ್ ಆಗ್ತಾನ ಅಂತ ಯಾರರ ಹೇಳಿದ್ರೇನು?”

ಸಿಸ್ಟರ್ ಒಂದರ ಹಿಂದೊಂದು ಸಲ ಬಂದರು. ಜೋಗುಳ ಕಾರಿಡಾರಿನ ತುಂಬ ಕೇಳಿಸಿತು. ಗಣಪತಿ ಹಬ್ಬದ ಹೊತ್ತಿಗೆ ಒಂದೊಂದೇ ಇಯತ್ತೆ ನೂರಕ್ಕೆ ಮುಟ್ಟತೊಡಗಿತು. ನೂರಾದ ಇಯತ್ತೆಯ ಸುತ್ತ ಬಣ್ಣದ ಸೀಮೆಸುಣ್ಣದಲ್ಲಿ ಹೂಬಳ್ಳಿ ಬರೆಯಲು ಅಪ್ಪಣೆಯಾಯಿತು. ಹೆಡ್‌ಮಾಸ್ತರರು ಎದುರಿನ ಚಹಾ ಅಂಗಡಿಗೆ ಹೋಗಿ, ಚಹಾ ಸುರಿದ ಬಸಿ ಕೈಯಲ್ಲಿ ಹಿಡಿದು, ರಸ್ತೆಯ ಆಚೆಯಿಂದ ಬೋರ್ಡು ನೋಡುತ್ತಿದ್ದರು. ‘ಫಲಿತಾಂಶ’ದ ಕೆಳಗೆ ಒಂದು ನೂರನ್ನು ಬರೆಸಬೇಕೆಂಬುದು ಅವರ ನೌಕರಿಯ ಆಸೆ. ಹತ್ತನೆಯ ಇಯತ್ತೆ ಅದನ್ನು ಎಂದೂ ಕೊಟ್ಟಿರಲಿಲ್ಲ. ಈಗ ಅವರ ಕಣ್ಣೆದುರು ಸಾಲಾಗಿ ನೂರುಗಳಿದ್ದವು, ಹೂಬಳ್ಳಿ ಸಮೇತ.

ಆರನೆಯದೊಂದು ಮಾತ್ರ ಬೋಳಾಗಿ ಉಳಿಯಿತು. ಉಳಿಯಲೇಬೇಕಿತ್ತು.

ಅಷ್ಟು ದಿನ ನನಗಾಗಲಿ ಹೆಡ್‌ಮಾಸ್ತರರಿಗಾಗಲಿ ಅದು ಹೊಳೆದಿರಲಿಲ್ಲ. ಎಲ್ಲರೂ ಕೆಳಗಿದ್ದಾಗ ಸೂಜಿ ಹಾಕಿಸಲಾಗದ ಆ ಹುಡುಗಿ ಯಾರಿಗೂ ಕಾಣುತ್ತಿರಲಿಲ್ಲ. ಬೋರ್ಡು ಒಳ್ಳೆಯದಾದಷ್ಟೂ ಅವಳು ಎದ್ದು ಕಾಣತೊಡಗಿದಳು. ಅಂಗಡಿಯ ಗಲ್ಲಾದ ಮೇಲೆ ಕೂತವರಿಗೆ ಶೇಕಡಾದಿಂದ ತಲೆಲೆಕ್ಕಕ್ಕೆ ಬರುವುದು ಎಷ್ಟರ ಮಾತು. ಸಾವ್ಕಾರರು ಸ್ಕೂಟರಿನಿಂದ ಇಳಿಯದೆಯೇ, “ಒಬ್ಬರದು ಬಾಕಿ ಐತ್ರಿ,” ಎಂದು ನನಗೆ ಹೇಳಿ ಹೋದರು. ಸಂಜೆಯೊಳಗೆ ಅದು ಅವರ ಮಗನಿಗೆ ಗೊತ್ತಾಯಿತು, ಮರುದಿನ ಇಡೀ ಇಯತ್ತೆಗೆ.

ನಾನು ಕ್ಲಾಸಿನ ಕರಿಹಲಗೆಯ ಮೇಲೆ ಸಂಧಿಗಳನ್ನು ಬರೆಯುತ್ತಿದ್ದೆ. ಹಿಂದೆ ತೋಳು ಮೇಲೇರಿಸಿ ತನಿಖೆ ನಡೆದಿತ್ತು. ಸಾವ್ಕಾರರ ಮಗನೇ ತನಿಖಾಧಿಕಾರಿ.

“ನಿಂದು ಯಾವ ಕೈ?”

“ಎಡಗೈ,” ಎಂದಳು ಹುಡುಗಿ.

“ನೋವಾತೇನು?”

“ಇರಿವಿ ಕಡದಂಗ ಆತು, ಅಷ್ಟ.”

ಅವಳಷ್ಟು ಸೂಜಿ ಚುಚ್ಚಿಸಿಕೊಂಡವರು ಆ ಇಯತ್ತೆಯಲ್ಲಿ ಯಾರೂ ಇರಲಿಲ್ಲ. ತಿಂಗಳಿಗೊಮ್ಮೆ ಸತ್ತೂರಿನಲ್ಲಿ ರಕ್ತ ಕೊಟ್ಟು ಬರುತ್ತಿದ್ದಳು. ಸುಳ್ಳಿದ್ದದ್ದು ಯಾವ ಸೂಜಿ ಎಂಬುದರಲ್ಲಿ ಮಾತ್ರ. ತನಿಖೆ ಮುಂದಿನ ಬೆಂಚಿಗೆ ಹೋಯಿತು. ನಾನು ಗುಣಸಂಧಿಯ ಕೆಳಗೆ ಸವರ್ಣದೀರ್ಘದ ಉದಾಹರಣೆ ಬರೆದಿದ್ದೆ, ಯಾರೂ ಗಮನಿಸಲಿಲ್ಲ.

ಆ ಶನಿವಾರ ಪಾಲಕರ ಸಭೆ. ಮುಂಜಾನೆ ಎದ್ದಾಗಿನಿಂದ ಹೆಡ್‌ಮಾಸ್ತರರ ಧ್ವನಿ ಪೂರ್ತಿ ಕೂತಿತ್ತು. ಮೆಣಸಿನ ಕಷಾಯ ಕುಡಿದರೂ ಬರಿಯ ಗಾಳಿ ಹೊರಡುತ್ತಿತ್ತು. ನನ್ನನ್ನು ಹತ್ತಿರ ಕರೆದು ಗಾಳಿಯಲ್ಲೇ ಹೇಳಿದರು:

“ನನ್ನ ಧ್ವನಿ ನಿನ್ನ ಹಂತ್ಯಾಕ ಒಂದು ಐತಲ್ಲ. ಇವತ್ತೊಂದಿನ ಕೊಡು.”

ಅಂದರೆ ಇಷ್ಟು ದಿನ ಅವರಿಗೆ ಗೊತ್ತಿತ್ತು.

ಹೀಗೆ ಮೈಕಿನ ಮುಂದೆ ನಿಂತು ಹೆಡ್‌ಮಾಸ್ತರರ ಧ್ವನಿಯಲ್ಲಿ ನಾನು ಸ್ವಾಗತ ಮಾಡಿದೆ, ನೂರಾದ ಇಯತ್ತೆಗಳಿಗೆ ಅಭಿನಂದನೆ ಹೇಳಿದೆ, ನಡುನಡುವೆ ‘ಏನಂತೀರಿ’ ಎಂದೆ. ಪಕ್ಕದಲ್ಲಿ ಕೂತ ಅವರು, ಎಲ್ಲಿಯಾದರೂ ‘ಏನಂತೀರಿ’ ತಪ್ಪಿದರೆ ಬೆರಳೆತ್ತಿ ನೆನಪಿಸುತ್ತಿದ್ದರು. ಸಭೆ ನಕ್ಕು ನಕ್ಕು ಸಡಿಲವಾಯಿತು. ಕೊನೆಯ ಬೆಂಚಿನಲ್ಲಿ ಒಬ್ಬರು ನಗದೆ ಕೂತಿದ್ದರು. ಫ್ಯಾಕ್ಟರಿಯ ಗುರುತಿನ ಚೀಟಿ ಇನ್ನೂ ಕೊರಳಲ್ಲಿತ್ತು.

ಸಾವ್ಕಾರರು ಎದ್ದು ನಿಂತರು.

“ಎಲ್ಲಾ ಛಲೋ ಆತ್ರಿ. ಆರನೇತ್ತದಾಗ ಆ ಒಂದು ಯಾರದು? ನಾವೆಲ್ಲಾ ಧಂದೆ ಬಿಟ್ಟು ಬಂದು ಹುಡುಗ್ರಿಗೆ ಹಾಕ್ಸೇವಿ. ಒಬ್ಬರ ಸಲುವಾಗಿ ಕ್ಲಾಸಿನ ಹೆಸರು ಯಾಕ ಕೆಡಬೇಕು? ಹೆಸರು ಬೋರ್ಡಿಗೆ ಹಚ್ರಿ. ತಾವಾಗೇ ಬರ್ತಾರ.”

“ಹೌದ್ರಿ,” ಎಂದು ಅವರ ಹಿಂದಿನಿಂದ ಒಬ್ಬ ತಾಯಿ ದನಿಗೂಡಿಸಿದರು. “ಯಾರಂತ ಗೊತ್ತಾದ್ರ ನಮ್ಮ ಹುಡುಗೀನ ದೂರ ಕೂಡ್ರಸ್ತೇವಿ. ಡಬ್ಬಿ ಗಿಬ್ಬಿ ಹಂಚ್ಕೊಬ್ಯಾಡ ಅಂತೇವಿ.”

ಹೆಡ್‌ಮಾಸ್ತರರು ನನ್ನ ಕಿವಿಯ ಹತ್ತಿರ ಬಾಗಿದರು. ಬಂದದ್ದು ಬರಿಯ ಉಸಿರು, ಅದರಲ್ಲಿ ಮೆಣಸಿನ ಘಾಟು. ಅವರ ಧ್ವನಿ ನನ್ನ ಹತ್ತಿರ ಇತ್ತು, ಮಾತು ಅವರ ಹತ್ತಿರವೇ ಉಳಿದಿತ್ತು. ಮಿಮಿಕ್ರಿಯವನಿಗೆ ಇದಕ್ಕಿಂತ ಫಜೀತಿ ಬೇರೆ ಇಲ್ಲ. ಇನ್ನೊಬ್ಬರು ಹೇಳಿದ್ದನ್ನು ಹೇಳಿ ಗೊತ್ತೇ ಹೊರತು ಹೇಳದ್ದನ್ನು ಹೇಳಿ ಗೊತ್ತಿಲ್ಲ. ಸಭೆ ಕಾಯುತ್ತಿತ್ತು. ಕೊನೆಗೆ ನನ್ನದೇ ಧ್ವನಿಯಲ್ಲಿ, ಆ ಹೋಲದ ಧ್ವನಿಯಲ್ಲಿ, ಹೇಳಿದೆ:

“ಆ ಒಂದು ನಾನ್ರಿ.”

“ನೀವು?”

“ಕ್ಲಾಸ್ ಟೀಚರನ್ನೂ ಕ್ಲಾಸಿನ ಲೆಕ್ಕದಾಗ ಹಿಡದೇವ್ರಿ. ನಂದು ಕಾರ್ಡೂ ಇಲ್ಲ, ಸೂಜೀನೂ ಆಗಿಲ್ಲ. ಸಿಸ್ಟರ್ ಬಂದಾಗೊಮ್ಮೆ ಸ್ಟಾಫ್ ರೂಮಿನ ಬೀರು ಹಿಂದ ಇರ್ತೇನಿ.”

ಇದರಲ್ಲಿ ಬೀರುವಿನ ಮಾತು ಪೂರ್ತಿ ಸುಳ್ಳೇನೂ ಅಲ್ಲ. ಸಿಸ್ಟರ್ ಜೋಗುಳ ಹಾಡುವುದನ್ನೂ, ನಾನು ಬೀರುವಿನ ಹಿಂದಿನಿಂದ ‘ಸರ್ ರಜಾ ಮ್ಯಾಲೆ ಅದಾರ್ರಿ’ ಎಂದು ಸಿಪಾಯಿ ಕಾಕಾನ ಧ್ವನಿಯಲ್ಲಿ ಹೇಳುವುದನ್ನೂ ಆಡಿ ತೋರಿಸಿದೆ. ಸಭೆ ಬಿದ್ದು ಬಿದ್ದು ನಕ್ಕಿತು. ದೂರ ಕೂಡ್ರಿಸುತ್ತೇನೆಂದ ತಾಯಿಯೂ ಸೆರಗು ಬಾಯಿಗಿಟ್ಟು ನಕ್ಕರು.

“ಇಷ್ಟು ದೊಡ್ಡ ಗಂಡಸು, ನಾಚಿಕಿ ಬರೂದಿಲ್ಲೇನ್ರಿ?” ಎಂದರು ಸಾವ್ಕಾರರು.

“ಬರ್ತೈತ್ರಿ. ಅದರಕಿಂತ ಮೊದಲ ಅಂಜಿಕಿ ಬಂದು ಕೂತಿರ್ತೈತಿ.”

ಎಲ್ಲರೂ ಹೋದ ಮೇಲೆ ಹುಡುಗಿಯ ತಾಯಿ ಹೆಡ್‌ಮಾಸ್ತರರ ಖೋಲಿಗೆ ಬಂದರು. ಹೊಗಳಿಕೆ ಬರುತ್ತದೆಂದು ನಾನು ಕೊರಳಪಟ್ಟಿ ಸರಿಮಾಡಿಕೊಂಡೆ.

“ಒಳ್ಳೇದಕ್ಕ ಮಾಡೀರಿ, ಗೊತ್ತಾತ್ರಿ. ಇನ್ನ ಸೋಮವಾರ ಸಾವ್ಕಾರ್ರು ನಿಂತು ನಿಮಗ ಸೂಜಿ ಹಾಕಸ್ತಾರ. ಹಾಕಿಸ್ಕೊಂಡ ಮ್ಯಾಲೆ ಆರನೇತ್ತಕ್ಕ ಎಷ್ಟು ಬರೀತೀರಿ?”

“ನೂರು ಬರೀಬೇಕಾಗ್ತೈತ್ರಿ.”

“ಅದು ಸುಳ್ಳ ಆತಲ್ರಿ.”

“ಕಡಿಮಿ ಬರದ್ರ ಮತ್ತ ಹುಡುಕಾಕ ಹತ್ತತಾರ್ರಿ.”

“ಅದಕ್ಕ ಕೇಳಾಕತ್ತೇನಿ. ಈ ನಂಬರ್ ಬೇಕಂತ ಮೊದಲ ಕೇಳಿದಾಕಿ ನಾನ. ನನ್ನ ಮಗಳ ಸಲುವಾಗೇ ಅದನ್ನ ಸುಳ್ಳ ಮಾಡಿದ್ರ, ಮುಂದ ನೀವು ಬರದದ್ದು ಯಾವುದನ್ನ ನಾ ನಂಬ್ಲಿ?”

ನಾನು ಹೆಡ್‌ಮಾಸ್ತರರ ಕಡೆ ತಿರುಗಿದೆ.

ಹೆಡ್‌ಮಾಸ್ತರರು ಕಷಾಯದ ಬಟ್ಟಲು ಬದಿಗಿಟ್ಟರು. ಸೀಮೆಸುಣ್ಣ ತೆಗೆದುಕೊಂಡು ಟೇಬಲ್ಲಿನ ಗಾಜಿನ ಮೇಲೆಯೇ ಗೇಟಿನ ಬೋರ್ಡಿನಂತೆ ಮನೆಗಳನ್ನು ಕೊರೆದರು, ಒಂದೊಂದು ಇಯತ್ತೆಗೆ ಒಂದೊಂದು. ಆಮೇಲೆ ಅಂಗೈಯಿಂದ ನಡುವಿನ ಗೆರೆಗಳನ್ನೆಲ್ಲ ಒರೆಸಿಬಿಟ್ಟರು. ಉಳಿದದ್ದು ಒಂದೇ ದೊಡ್ಡ ಮನೆ. ಅದರೊಳಗೆ ‘ಸಾಲಿ’ ಎಂದು ಬರೆದರು. ಸ್ವಲ್ಪ ಯೋಚಿಸಿ, ಮೊದಲು ತಮ್ಮ ಎದೆ, ನಂತರ ನನ್ನ ಕಡೆ, ನಂತರ ಬಾಗಿಲ ಹೊರಗೆ ಸ್ಟೂಲಿನ ಮೇಲೆ ತೂಕಡಿಸುತ್ತಿದ್ದ ಸಿಪಾಯಿ ಕಾಕಾನ ಕಡೆ ಬೆರಳು ತೋರಿಸಿ, ಎಲ್ಲರನ್ನೂ ಆ ಮನೆಯೊಳಗೆ ಹಾಕಿದಂತೆ ಕೈ ಮಾಡಿದರು.

ತಾಯಿ ನೋಡುತ್ತಿದ್ದರು. “ಎಲ್ಲಾ ಇಯತ್ತೆ ಕೂಡಿಸಿ ಒಂದ ನಂಬರ್. ದೊಡ್ಡವರ್ನೂ ಹಿಡದು. ಹೌದಿಲ್ರಿ?”

ಅವರು ತಲೆಯಾಡಿಸಿದರು.

“ದೊಡ್ಡವರ್ದು ಕಾರ್ಡ್ ಅದಾವೇನ್ರಿ?”

ಹೆಡ್‌ಮಾಸ್ತರರು ಧ್ವನಿಯಿಲ್ಲದೆ ನಕ್ಕರು. ಅವರು ಹುಟ್ಟಿದಾಗ ಕಾರ್ಡು ಹುಟ್ಟಿರಲಿಲ್ಲ.

“ಹಂಗಾದ್ರ ನಂಬರ್ ಇಳೀತೈತಿ.”

ಅವರು ಎರಡೂ ಕೈ ಎತ್ತಿದರು. ಆಮೇಲೆ ಕಿಟಕಿಯಿಂದ ಹೊರಗೆ ಗೇಟಿನ ಕಡೆ ಸ್ವಲ್ಪ ಹೆಚ್ಚೇ ಹೊತ್ತು ನೋಡಿದರು. ಕಿಟಕಿಯಿಂದ ಬೋರ್ಡಿದ್ದ ಗೋಡೆಯ ಬೆನ್ನು ಮಾತ್ರ ಕಾಣುತ್ತದೆ.

“ಇಳೀಲ್ರಿ. ಖರೇ ಇದ್ರ ಸಾಕು,” ಎಂದು ಆಕೆ ಎದ್ದರು.

ಸೋಮವಾರ ನನ್ನ ಸೂಜಿ. ದೊಡ್ಡವರ ಸೂಜಿ ಸಿಸ್ಟರ್ ತರುವ ಡಬ್ಬಿಯಲ್ಲಿ ಇರುವುದಿಲ್ಲ. ಡಾಕ್ಟರರಿಂದ ಚೀಟಿ ಬರೆಸಿ, ಔಷಧದ ಅಂಗಡಿಯಿಂದ ಐಸಿನಲ್ಲಿ ಇಟ್ಟುಕೊಂಡು ನಾನೇ ತಂದೆ. ನನ್ನ ಗಲ್ಲುಗಂಬವನ್ನು ನಾನೇ ಹೊತ್ತು ತಂದಂತೆ. ಆರನೆಯ ಇಯತ್ತೆ ಪೂರ್ತಿ ಕಿಟಕಿಗೆ ಜೋತುಬಿದ್ದಿತ್ತು. ಕಣ್ಣು ಮುಚ್ಚಿದೆ. ಆಗ ಕಿವಿಯ ಹತ್ತಿರವೇ ಕೇಳಿಸಿತು:

“ಕೈ ಸಡಲ ಬಿಡು, ಕೈ ಸಡಲ ಬಿಡು.”

ಅದೇ ಜೋಗುಳ, ಅದೇ ಧಾಟಿ. ಬಿಟ್ಟೆ. ಏನೂ ಆಗಲಿಲ್ಲ. ಕಣ್ಣು ತೆರೆದರೆ ಸಿಸ್ಟರ್ ಇನ್ನೂ ಸಿರಿಂಜಿಗೆ ಔಷಧ ತುಂಬುತ್ತಿದ್ದರು. ಕಿಟಕಿಯ ಸರಳಿಗೆ ಮುಖ ಹಚ್ಚಿ ನಿಂತವಳು ಹುಡುಗಿ. ಸಿಸ್ಟರ್ ಕೂಡ ತಿರುಗಿ ನೋಡಿದರು. ತಮ್ಮ ಧ್ವನಿ ಹೊರಗಿನಿಂದ ಬಂದದ್ದು ಅವರಿಗೂ ಹೊಸತು. ನಾನು ತೆಗೆಯುವುದಕ್ಕಿಂತ ಅವಳದು ಚೆನ್ನಾಗಿತ್ತು ಎಂದು ಬರೆಯುವುದು ನನಗೆ ಕಷ್ಟ, ಆದರೆ ಇತ್ತು.

“ಅಂಜಬ್ಯಾಡ್ರಿ ಸರ,” ಎಂದಳು. “ಇರಿವಿ ಕಡದಂಗ, ಅಷ್ಟ.”

ಇರುವೆಯಲ್ಲ, ಚೇಳು. ಆದರೆ ಅಷ್ಟು ಜನರ ಮುಂದೆ ಇರುವೆ ಎಂದೇ ಒಪ್ಪಿಕೊಂಡೆ.

ಆ ಸಂಜೆ ನೂರುಗಳನ್ನೂ ಹೂಬಳ್ಳಿಗಳನ್ನೂ ಒರೆಸಿದೆ. ಹೆಡ್‌ಮಾಸ್ತರರು ಚಹಾ ಅಂಗಡಿಯಲ್ಲಿ ಬೆನ್ನು ಈ ಕಡೆ ಮಾಡಿ ಕೂತಿದ್ದರು. ಇಡೀ ಶಾಲೆಗೆ ಒಂದೇ ಸಂಖ್ಯೆ ಬರೆದೆ. ಕೆಳಗೆ ‘ಸಿಬ್ಬಂದಿ ಸೇರಿ’ ಎಂದೂ ಬರೆದೆ. ಸಾವ್ಕಾರರ ಸ್ಕೂಟರು ನಿಂತಿತು.

“ಮತ್ತ ಇಳೀತಲ್ರಿ.”

“ದೊಡ್ಡವರ್ನ ಸೇರಿಸೇವ್ರಿ.”

“ಯಾರ್ಯಾರ್ದು ಆಗಿಲ್ಲ?”

“ನಂದು ಬಿಟ್ರ, ದೊಡ್ಡವರ್ದು ಯಾರದು ಆಗೇತೋ ಇಲ್ಲೋ ಅವರಿಗೇ ಗೊತ್ತಿಲ್ರಿ. ಹೆಡ್‌ಮಾಸ್ತರ್ನ ಹಿಡದು.”

ಸಾವ್ಕಾರರು ಶೇಕಡಾದಿಂದ ತಲೆಲೆಕ್ಕ ಮಾಡಲು ನೋಡಿದರು, ಇಡೀ ಶಾಲೆಯದಾದ್ದರಿಂದ ಅರ್ಧಕ್ಕೇ ಬಿಟ್ಟರು. “ಹುಡುಗ್ರು ಛಲೋ ಅದಾವ್ರಿ. ಸಾಲಿ ಕೆಟ್ಟಿದ್ದು ದೊಡ್ಡವರಿಂದನ,” ಎಂದು ಕಿಕ್ ಹೊಡೆದು ಹೋದರು.

ಮರುದಿನ ಮುಂಜಾನೆ ನಾನು ಗೇಟಿನಲ್ಲಿ ನಿಂತಿದ್ದಾಗ ಹುಡುಗಿ ಬಂದಳು. ಬೋರ್ಡಿನ ಮುಂದೆ ನಿಂತು ಓದಿದಳು, ತಾಯಿಯಂತೆಯೇ, ಮುಖ ಗಂಟಿಕ್ಕಿ.

“ಸರ, ಚುಕ್ಕಿ ಮರತೀರಿ.”

ನೋಡಿದೆ. ಎರಡಂಕಿಯ ನಂತರದ ದಶಾಂಶದ ಚುಕ್ಕಿ ಬಿಟ್ಟಿದ್ದೆ. ಒಂದು ರಾತ್ರಿಯೆಲ್ಲ ನಮ್ಮ ಶಾಲೆಯ ಫಲಿತಾಂಶ ನೂರನ್ನು ಬಹಳ ಹಿಂದೆ ಹಾಕಿ ಸಾವಿರದ ಹತ್ತಿರ ಹೋಗಿತ್ತು; ಸಾವ್ಕಾರರೂ ಚುಕ್ಕಿ ಇದೆಯೆಂದೇ ಓದಿಕೊಂಡಿದ್ದರು, ಯಾರೂ ಕೇಳಿರಲಿಲ್ಲ. ಕಿಸೆಯಿಂದ ಸೀಮೆಸುಣ್ಣ ತೆಗೆದು ಕೊಟ್ಟೆ. ಅವಳು ತುದಿಗಾಲಲ್ಲಿ ನಿಂತು, ಇಡಬೇಕಾದ ಜಾಗದಲ್ಲಿ ಚುಕ್ಕಿ ಇಟ್ಟು, ಸ್ವಲ್ಪ ಒತ್ತಿ ದಪ್ಪ ಮಾಡಿದಳು. ಒಳಗಿನಿಂದ ಅವಳ ಇಯತ್ತೆಯ ಯಾರೋ, “ಲಗೂ ಬಾರ, ಶೇಂಗಾ ಹೋಳಿಗಿ ತಂದೇನಿ,” ಎಂದು ಕೂಗಿದರು. ಕೈಯ ಬಿಳಿ ಪುಡಿಯನ್ನು ಲಂಗಕ್ಕೆ ಒರೆಸಿಕೊಂಡು ಅವಳು ಒಳಗೆ ಓಡಿದಳು. ಸೀಮೆಸುಣ್ಣ ವಾಪಸು ಕೊಡಲಿಲ್ಲ.